ಹಣೆಯಿಂದ ಇಳಿದ ಮೂಗು

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಎಂದೊಡನೆ ನೆನಪಾಗುವವನು ಇಲ್ಲಿ ಹುಟ್ಟಿದ ಹೈದರಾಲಿ. ಅವನ ಮಗ ಟಿಪ್ಪುವಿನ ಮೇಲೆ 1791ರಲ್ಲಿ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಮೊಗಲಿ ಘಾಟಿ ಹತ್ತಿ, ಕೋಲಾರ, ಹೊಸಕೋಟೆಗಳ ಮೇಲೆ ಬೆಂಗಳೂರಿಗೆ ಸಾಗಿತು. ಫಿರಂಗಿ, ಮದ್ದುಗುಂಡು, ದವಸ ಬಹುಪಾಲು ಎತ್ತುಗಳ ಹೆಗಲ ಮೇಲೆ. ಆ ಯುದ್ಧದಲ್ಲಿ ಎತ್ತು ಹೊಡೆಯುತ್ತಿದ್ದ ಒಬ್ಬ ಬಡವನ ಮುಖದಿಂದಲೇ ಜಗತ್ತಿನ ಶಸ್ತ್ರವೈದ್ಯಕ್ಕೆ ಒಂದು ಹೊಸ ದಾರಿ ತೆರೆಯಿತು.

ಅವನ ಹೆಸರು ಕಾವಸ್ಜಿ, ಮರಾಠ ರೈತ ಕುಲದವನು. 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಾಗ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ವರ್ಷದ ಮೇಲೆ ಪುಣೆಯ ಬಳಿ ಒಬ್ಬ ದೇಶೀ ವೈದ್ಯ ಅವನಿಗೆ ಹೊಸ ಮೂಗು ಕಟ್ಟಿದ. ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಪಕ್ಕದಲ್ಲೇ ನಿಂತು ನೋಡಿದರು.

ಮೊದಲು ತೆಳ್ಳನೆಯ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ ಅಳತೆ ತೆಗೆದ. ಅದನ್ನು ಹರಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿದ. ಹುಬ್ಬುಗಳ ನಡುವೆ ಮಾತ್ರ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸಿದ. ಚರ್ಮವನ್ನು ಅರೆಸುತ್ತು ತಿರುಗಿಸಿ ಕೆಳಗಿಳಿಸಿ, ಹಳೆಯ ಗಾಯವನ್ನು ಹೆರೆದು ಮಾಡಿದ ಸೀಳಿನಲ್ಲಿ ಅಂಚನ್ನು ಕೂರಿಸಿದ. ಮೇಲೆ ನೀರಲ್ಲಿ ನೆನೆದ ಕಾಚು ಸವರಿದ ಬಟ್ಟೆ. ನಾಲ್ಕು ದಿನದ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25 ದಿನಕ್ಕೆ ಹುಬ್ಬಿನ ಪಟ್ಟಿಯನ್ನು ಕತ್ತರಿಸಿದ.

ಇಡೀ ವಿದ್ಯೆಯ ಗುಟ್ಟು ಆ ಪಟ್ಟಿಯಲ್ಲಿದೆ. ಹೊಸ ಜಾಗದಲ್ಲಿ ಬೇರೂರುವ ತನಕ ಚರ್ಮಕ್ಕೆ ರಕ್ತ ಹರಿಯುವುದು ಅದರ ಮೂಲಕವೇ. ದೇಹದೊಳಗನ್ನು ಅರಿಯದ ಕೈಗೆ ಇದು ಹೊಳೆಯುವಂಥದ್ದಲ್ಲ. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವಿದೆ. ಹೆಣವನ್ನು ಹುಲ್ಲಿನಲ್ಲಿ ಸುತ್ತಿ ಏಳು ರಾತ್ರಿ ಹರಿಯುವ ನೀರಿನಲ್ಲಿರಿಸಿ, ಲಾವಂಚದ ಕುಂಚದಿಂದ ಪದರ ಪದರವಾಗಿ ಉಜ್ಜಿ ಒಳಗನ್ನು ಕಣ್ಣಾರೆ ನೋಡಬೇಕೆಂಬ ಪಾಠವೂ ಇದೆ. ಸೋರೆ, ಕುಂಬಳಗಳ ಮೇಲೆ ಕೈ ಪಳಗಿಸಿಕೊಂಡೇ ಶಿಷ್ಯ ರೋಗಿಯನ್ನು ಮುಟ್ಟಬೇಕಿತ್ತು.

ಕಾವಸ್ಜಿಯ ಕಥೆ ಚಿತ್ರಸಮೇತ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ (1764–1846) ಇದನ್ನು ಬಿಡಲಿಲ್ಲ. ಹೆಣಗಳ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಒಬ್ಬ ಸೈನ್ಯಾಧಿಕಾರಿಗೆ ಹಣೆಯಿಂದ ಮೂಗು ಕಟ್ಟಿದ. ಎರಡನೆಯವನು ಯುದ್ಧದಲ್ಲಿ ಕತ್ತಿಯೇಟಿಗೆ ಮೂಗು ಕಳೆದುಕೊಂಡಿದ್ದ. ಎರಡೂ ಗೆದ್ದವು. 1816ರಲ್ಲಿ ಕಾರ್ಪ್ಯೂ ಬರೆದ ಪುಸ್ತಕದಿಂದ ಈ ‘ಭಾರತೀಯ ಪದ್ಧತಿ’ ಯುರೋಪಿನಲ್ಲೆಲ್ಲ ಹರಡಿತು.

ಲಂಡನ್ನಿನ ಪತ್ರಿಕೆ ಕಾವಸ್ಜಿಯ ಹೆಸರು ಬರೆಯಿತು, ನೋಡಿದವರ ಹೆಸರು ಬರೆಯಿತು. ಮೂಗು ಕಟ್ಟಿದವನು ಮಾತ್ರ ‘ಇಟ್ಟಿಗೆ ಮಾಡುವ ಕುಲದವನು’ ಆಗಿಯೇ ಉಳಿದ. ನನ್ನನ್ನು ಕಾಡುವುದು ಇದೇ. ಕ್ಯಾನ್ಸರಿಗೋ ಅಪಘಾತಕ್ಕೋ ಮೂಗು ಕಳೆದುಕೊಂಡವರಿಗೆ ಇವತ್ತಿನ ಪ್ಲಾಸ್ಟಿಕ್ ಸರ್ಜನ್ನರು ಹಣೆಯ ಚರ್ಮವನ್ನೇ ಇಳಿಸುತ್ತಾರೆ, ಹುಬ್ಬಿನ ಬಳಿ ಪಟ್ಟಿ ಉಳಿಸುತ್ತಾರೆ, ಅದನ್ನು ಕತ್ತರಿಸಲು ಸಾಮಾನ್ಯವಾಗಿ ಮೂರು ವಾರ ಕಾಯುತ್ತಾರೆ. ಪುಣೆಯ ಆ ಇಟ್ಟಿಗೆಯವನೂ ಹಾಗೆಯೇ ಕಾದಿದ್ದ.