ಗರಿ, ಹೊಡೆ, ತೆನೆ

ಚಿಕ್ಕಂದಿನಲ್ಲಿ ಹಿತ್ತಲಿನ ಒಂದು ಮೂಲೆಯಲ್ಲಿ ನಾಲ್ಕು ಜೋಳದ ಕಾಳು ಊರಿ, ಮಾರನೆಯ ದಿನವೇ ಮಣ್ಣು ಕೆದಕಿ ನೋಡಿದ್ದೆ. ಮೂರನೆಯ ದಿನವೂ ನೋಡಿದೆ. ಮೊಳಕೆ ಬಂದಿತ್ತು, ನನ್ನ ಬೆರಳು ತಾಗಿ ಮುರಿಯಿತು. ಮುಂದೆ ಎಷ್ಟೋ ವರ್ಷಗಳ ಮೇಲೆ ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದುವಾಗ ನನಗೆ ನೆನಪಾದದ್ದು ಆ ಮುರಿದ ಮೊಳಕೆ. ಅಲ್ಲಿ ಯೇಸು ಹೇಳುವ ಪುಟ್ಟ ಸಾಮ್ಯವೊಂದಿದೆ. ಬಿತ್ತಿದ ರೈತ ರಾತ್ರಿ ನಿದ್ರಿಸುತ್ತಾನೆ, ಹಗಲು ಎದ್ದು ತನ್ನ ಪಾಡಿಗೆ ತಾನಿರುತ್ತಾನೆ. ಬೀಜ ಮಾತ್ರ ಅವನಿಗೆ ತಿಳಿಯದ ರೀತಿಯಲ್ಲಿ ಬೆಳೆಯುತ್ತ, ಗರಿಯಾಗಿ, ಹೊಡೆಯಾಗಿ, ಕಡೆಗೆ ಕಾಳು ತುಂಬಿದ ತೆನೆಯಾಗುತ್ತದೆ. ದೇವರ ರಾಜ್ಯ ಬೆಳೆಯುವ ಬಗೆ ಇದು ಎನ್ನುತ್ತಾನೆ ಯೇಸು.

ನೆಲ ‘ತಾನಾಗಿ’ ಫಲ ಕೊಡುತ್ತದೆ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವ ಪದ ‘ಔಟೊಮ್ಯಾಟೆ’. ಇಂದು ಯಂತ್ರಗಳಿಗೆ ನಾವು ಅಂಟಿಸುವ ‘ಆಟೊಮ್ಯಾಟಿಕ್’ ಎಂಬುದು ಇದರದೇ ಸಂತಾನ. ಯಂತ್ರದಲ್ಲಿ ತಾನಾಗಿ ಆಗುವುದೆಂದರೆ ಗುಂಡಿ ಒತ್ತಿದೊಡನೆ ಆಗುವುದು. ಹೊಲದಲ್ಲಿ, ಕೈಯಿಟ್ಟು ಕೆದಕದೆ ಕಾಯ್ದರೆ ಆಗುವುದು. ಒಂದೇ ಮಾತು ಎಷ್ಟು ದೂರ ನಡೆದು ಬಂದಿದೆ! ಯಾಕೋಬನ ಪತ್ರಿಕೆಯಲ್ಲಿಯೂ ತಾಳ್ಮೆಗೆ ಮಾದರಿಯಾಗಿ ಬರುವವನು ರೈತನೇ. ಪ್ಯಾಲೆಸ್ಟೈನಿನಲ್ಲಿ ಬಿತ್ತನೆಯ ಮಳೆ ಅಕ್ಟೋಬರ್, ನವೆಂಬರಿಗೆ. ಕಾಳು ಕಟ್ಟಿಸುವ ಮಳೆ ಮಾರ್ಚ್, ಏಪ್ರಿಲಿಗೆ. ಮುಂಗಾರು ಹಿಂಗಾರುಗಳನ್ನು ನಂಬಿ ಬದುಕುವ ನಾಡಿನವರಾದ ನಮಗೆ ಈ ಉಪಮೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕ್ರೈಸ್ತ ಬಾಳಿನ ಬೆಳವಣಿಗೆಯನ್ನು ಗರಿ, ಹೊಡೆ, ತೆನೆ ಎಂಬ ಈ ಮೂರು ಅವಸ್ಥೆಗಳಲ್ಲಿಯೇ ವಿವರಿಸಿದವನು 18ನೆಯ ಶತಮಾನದ ಇಂಗ್ಲೆಂಡಿನ ಪಾದ್ರಿ ಜಾನ್ ನ್ಯೂಟನ್. ಸೇಬಿನ ಹಣ್ಣಿನ ನ್ಯೂಟನ್ ಅಲ್ಲ, ಬೇರೆ. ನಾನು ಇವನ ಬಳಿಗೆ ಬಂದದ್ದು ಇವನ ಗೆಳೆಯನೂ ನೆರೆಯವನೂ ಆಗಿದ್ದ ಕವಿ ವಿಲಿಯಂ ಕೂಪರನ ಮೂಲಕ. 1774ರಲ್ಲಿ ‘ಓಮಿಕ್ರಾನ್’ ಎಂಬ ಗುಪ್ತನಾಮದಲ್ಲಿ ಹೊರಬಂದ ನ್ಯೂಟನ್ನನ ಪತ್ರಗಳಲ್ಲಿ ಮೂರು ಈ ವಿಷಯಕ್ಕೇ ಮೀಸಲು. ಎ, ಬಿ, ಸಿ ಎಂಬ ಮೂವರು ಕಲ್ಪಿತ ಭಕ್ತರನ್ನು ಅವನು ಚಿತ್ರಿಸುತ್ತಾನೆ. ಮೊದಲನೆಯವನ ಲಕ್ಷಣ ಹಂಬಲ, ಎರಡನೆಯವನದು ಹೋರಾಟ, ಮೂರನೆಯವನದು ಧ್ಯಾನ. ಇಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಎರಡನೆಯವನ ಚಿತ್ರ. ಹೊಸತರ ಉತ್ಸಾಹ ಇಳಿದ ಮೇಲೆ ಅವನಿಗೆ ತನ್ನದೇ ಮನಸ್ಸಿನ ಕಪಟಗಳು ಒಂದೊಂದಾಗಿ ಕಾಣತೊಡಗುತ್ತವೆ. ಹಿಂದೆ ಬಿದ್ದೆನೆಂದು ಅವನು ತಿಳಿಯುತ್ತಾನೆ, ಬೆಳೆಯುತ್ತಿರುವುದು ಆಗಲೇ. ಇನ್ನು ಮಾಗಿದ ಮೂರನೆಯವನ ಹಿರಿಮೆಯಾದರೂ ಏನು? ತನ್ನ ಬಲಹೀನತೆಯನ್ನು ಅವನು ಉಳಿದಿಬ್ಬರಿಗಿಂತ ಚೆನ್ನಾಗಿ ಬಲ್ಲ. ಆದುದರಿಂದಲೇ ಇತರರ ವಿಷಯದಲ್ಲಿ ಮೃದು.

ಇಷ್ಟೇ ಆಗಿದ್ದರೆ ಇದೊಂದು ಒಳ್ಳೆಯ ಧರ್ಮೋಪದೇಶವಾಗುತ್ತಿತ್ತು. ಆದರೆ ಬರೆದವನ ಬಾಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ ಆ ಮೂರು ಪತ್ರಗಳು ಬೇರೆಯೇ ಆಗುತ್ತವೆ.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ತಂದೆ ಹಡಗಿನ ಯಜಮಾನ. ತಾಯಿ ಮಗನಿಗೆ ಏಳು ತುಂಬುವ ಮೊದಲೇ ತೀರಿಕೊಂಡಳು. ದೈವವನ್ನು ಹಳಿಯುವ ಪುಂಡ ನಾವಿಕನಾಗಿ ಬೆಳೆದ ಅವನು 1748ರ ಮಾರ್ಚ್ ತಿಂಗಳಲ್ಲಿ ‘ಗ್ರೇಹೌಂಡ್’ ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕ. ನೀರು ಎತ್ತಿಹಾಕುತ್ತ ದೇವರನ್ನು ಕೂಗಿದ. ಬದುಕಿ ದಡ ಸೇರಿದ. ಆ ದಿನವನ್ನು ಅವನು ಜೀವಮಾನವೆಲ್ಲ ನೆನೆದ. ನಮ್ಮ ಕಥೆಗಾರರಾದರೆ ಇಲ್ಲಿಗೇ ಮಂಗಳ ಹಾಡುತ್ತಿದ್ದರು. ನಡೆದದ್ದು ಬೇರೆ. ಅದೇ ವರ್ಷ ಅವನು ಗುಲಾಮರನ್ನು ಸಾಗಿಸುವ ಹಡಗನ್ನು ಹತ್ತಿದ. 1750ರಿಂದ 1754ರವರೆಗೆ ತಾನೇ ಕಪ್ತಾನನಾಗಿ ಮೂರು ಸಲ ಆಫ್ರಿಕದ ಕರಾವಳಿಯಿಂದ ಮನುಷ್ಯರನ್ನು ತುಂಬಿಕೊಂಡು ವೆಸ್ಟ್ ಇಂಡೀಸ್ ಕಡೆಗೆ ಹೋದ. ಭಾನುವಾರಗಳಂದು ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸಿದ. 1752ರ ಡಿಸೆಂಬರಿನ ದಿನಚರಿಯಲ್ಲಿ, ಬಂಧಿತರು ದಂಗೆಯ ಸಂಚು ಹೂಡಿದ್ದು ಸಕಾಲಕ್ಕೆ ತಿಳಿದುದಕ್ಕಾಗಿ ದೈವಕೃಪೆಯನ್ನು ನೆನೆಯುತ್ತಾನೆ. ಬಾಯಿ ಬಿಡಿಸಲು ಹುಡುಗರ ಹೆಬ್ಬೆರಳುಗಳಿಗೆ ತಿರುಪು ಹಾಕಿಸಿದುದನ್ನೂ ಅಲ್ಲಿಯೇ ಬರೆಯುತ್ತಾನೆ. ಈ ಎರಡು ಸಂಗತಿಗಳು ಒಂದೇ ಲೇಖನಿಯಿಂದ ಇಳಿದಿವೆಯೆಂಬುದನ್ನು ಅರಗಿಸಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

1754ರಲ್ಲಿ ಅವನು ಆ ಕಸುಬು ಬಿಟ್ಟದ್ದಕ್ಕೆ ಕಾರಣ ಪಶ್ಚಾತ್ತಾಪವಲ್ಲ, ಕಾಯಿಲೆ. ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾದ. ಗ್ರೀಕ್, ಹೀಬ್ರೂ ಕಲಿತ. 1764ರಲ್ಲಿ ಆಲ್ನಿ ಎಂಬ ಊರಿನ ಪಾದ್ರಿಯಾದ. ಇಂದು ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಕೀರ್ತನೆಯನ್ನು 1773ರ ಹೊಸ ವರ್ಷದ ದಿನ ಅಲ್ಲಿಯ ಸಭೆಗಾಗಿ ರಚಿಸಿದ. ಅದೇ ತಿಂಗಳು ಕೂಪರನ ಬುದ್ಧಿ ಕದಡಿದಾಗ ವರ್ಷಕ್ಕೂ ಮೀರಿ ಅವನನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಂಡು ಕಾಪಾಡಿದ. ಮೃದುತ್ವದ ಮಾತು ಬರಿಯ ಬರಹವಾಗಿರಲಿಲ್ಲ. ಆದರೂ ಗುಲಾಮರ ವ್ಯಾಪಾರದ ವಿರುದ್ಧ ಅವನು ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಎಣಿಸಿದರೆ 40 ವರ್ಷ. ಕಡೆಯ ಯಾನದಿಂದ 34. ಬೆಳವಣಿಗೆಯ ಆ ಮೂರು ಪತ್ರಗಳನ್ನು ಬರೆದಾಗ ಅವನು ಈ ವಿಷಯದಲ್ಲಿ ಇನ್ನೂ ಮೌನಿ.

ಇದಕ್ಕೆ ಎರಡು ಸುಲಭದ ಉತ್ತರಗಳುಂಟು. ಒಂದು, ಅವನೊಬ್ಬ ಸೋಗುಗಾರ ಎಂಬುದು. ಇನ್ನೊಂದು, ದೇವರ ಕೆಲಸ ನಿಧಾನ, ತೆನೆ ತನ್ನ ಕಾಲಕ್ಕೆ ಮಾಗಿತು ಎಂಬುದು. ಮೊದಲನೆಯದನ್ನು ನಾನು ಒಪ್ಪಲಾರೆ. ಸೋಗುಗಾರ ತನ್ನ ದಿನಚರಿಯನ್ನು ಹಾಗೆ ಬರೆಯುವುದಿಲ್ಲ. ಎರಡನೆಯದು ಇನ್ನೂ ಅಪಾಯದ್ದು. ಮಳೆಗಾಗಿ ರೈತ ಕಾಯಬಹುದು. ಹಡಗಿನ ತಳದಲ್ಲಿ ಸಂಕೋಲೆ ತೊಟ್ಟು ಮಲಗಿದವರು ಮೇಲಿನ ಕೋಣೆಯಲ್ಲಿ ಪ್ರಾರ್ಥಿಸುತ್ತಿದ್ದ ಕಪ್ತಾನನ ಅಂತರಂಗ ಮಾಗಲೆಂದು ಏಕೆ ಕಾಯಬೇಕಿತ್ತು? ಸಾಮ್ಯದ ರೈತ ತನಗೆ ತಿಳಿಯದ್ದನ್ನು ನೆಲಕ್ಕೆ ಬಿಟ್ಟ, ನಿಜ. ತನ್ನ ಕಣ್ಣಿಗೆ ಬಿದ್ದ ಕಳೆಯನ್ನೂ ಬಿಟ್ಟನೆಂದು ಅಲ್ಲಿ ಹೇಳಿಲ್ಲ.

ನ್ಯೂಟನ್ನನ ಮೇಲೆ ನನಗೆ ಗೌರವ ಮೂಡಿದ್ದು 1788ರ ಆ ಕಿರುಹೊತ್ತಗೆಯನ್ನು ಓದಿದಾಗ. ಗರಿ, ಹೊಡೆ, ತೆನೆಗಳ ಉಪಮೆಯನ್ನು ಅವನು ಅಲ್ಲಿ ತನಗೆ ಗುರಾಣಿಯಾಗಿ ಹಿಡಿಯಬಹುದಾಗಿತ್ತು, ಹಿಡಿಯಲಿಲ್ಲ. ತನ್ನ ಒಪ್ಪೊಪ್ಪಿಗೆ ತೀರ ತಡವಾಗಿ ಬಂದಿದೆಯೆಂದು ತಾನೇ ಹೇಳುತ್ತಾನೆ. ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ಮನುಷ್ಯರನ್ನು ಒಬ್ಬರಿಗೊಬ್ಬರು ಒತ್ತಿ ಮಲಗಿಸುತ್ತಿದ್ದುದನ್ನು, ಕಂಡವನಾಗಿ, ಮಾಡಿಸಿದವನಾಗಿ ವರ್ಣಿಸುತ್ತಾನೆ. 1790ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದ. ಅದಕ್ಕೂ ಮುನ್ನ, 1785ರ ಡಿಸೆಂಬರಿನಲ್ಲಿ, ರಾಜಕೀಯ ಬಿಡಬೇಕೆ ಎಂಬ ತೊಳಲಾಟದಲ್ಲಿ ತನ್ನ ಬಳಿಗೆ ಬಂದ ತರುಣ ವಿಲಿಯಂ ವಿಲ್ಬರ್‌ಫೋರ್ಸನಿಗೆ ಅಲ್ಲಿಯೇ ನಿಲ್ಲೆಂದು ಹೇಳಿ ಕಳುಹಿಸಿದವನೂ ಇವನೇ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಆ ವ್ಯಾಪಾರವನ್ನು ನಿಷೇಧಿಸಿದ ಶಾಸನಕ್ಕೆ 1807ರ ಮಾರ್ಚ್ 25ರಂದು ಅಂಕಿತ ಬಿತ್ತು. ಡಿಸೆಂಬರ್ 21ರಂದು, ಕಣ್ಣು ಬಹುಮಟ್ಟಿಗೆ ಮಂಜಾಗಿದ್ದ ನ್ಯೂಟನ್ ತೀರಿಕೊಂಡ.

ಅವನ ಸಮಾಧಿ ಈಗ ಆಲ್ನಿಯ ಚರ್ಚಿನ ಅಂಗಳದಲ್ಲಿದೆ. 1893ರಲ್ಲಿ ಲಂಡನ್ನಿನಿಂದ ಅಲ್ಲಿಗೆ ತಂದರು. ಕಲ್ಲಿನ ಮೇಲಿನ ಬರಹ ಅವನೇ ಸಿದ್ಧಮಾಡಿಟ್ಟದ್ದು. ತಾನು ನಾಸ್ತಿಕನಾಗಿದ್ದೆ, ಸ್ವೇಚ್ಛಾಚಾರಿಯಾಗಿದ್ದೆ, ಆಫ್ರಿಕದಲ್ಲಿ ಗುಲಾಮರಿಗೇ ಆಳಾಗಿದ್ದೆ ಎಂದು ಅದರಲ್ಲಿದೆ. ತರುಣನಾಗಿದ್ದಾಗ ಅವನು ಹಾಗೆ ಬವಣೆಪಟ್ಟದ್ದೂ ಉಂಟು. ಗುಲಾಮರನ್ನು ಸಾಗಿಸಿದೆ ಎಂಬುದು ಆ ಕಲ್ಲಿನ ಮೇಲಿಲ್ಲ. ಅದು ಬೇಕಾದವರು 1788ರ ಹೊತ್ತಗೆಯನ್ನೇ ತೆರೆಯಬೇಕು.