ಮಲಗಿದವರ ಕಣ್ಣಿಗೆ ಬೀಳುವ ಗೋಡೆ

ವಿಜಯವಾಡದ ಗವರ್ನರ್‌ಪೇಟೆ, ಪಕ್ಕದ ಸೂರ್ಯರಾವ್‌ಪೇಟೆಗಳಲ್ಲಿ ನರ್ಸಿಂಗ್ ಹೋಮ್, ಲ್ಯಾಬು, ಸ್ಕ್ಯಾನಿಂಗ್ ಸೆಂಟರುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿವೆ. ಇಂಥ ಇಕ್ಕಟ್ಟಿನಲ್ಲಿ ವಾರ್ಡಿನ ಕಿಟಕಿ ತೆಗೆದರೆ ಎದುರಾಗುವುದು ಪಕ್ಕದ ಕಟ್ಟಡದ ಗೋಡೆ, ಏಸಿಯ ಬೆನ್ನು. ಮರ ನೆಡಿ ಎಂದು ಉಪದೇಶಿಸಿ ಫಲವಿಲ್ಲ, ನೆಡಲು ನೆಲವೆಲ್ಲಿದೆ? ಹಾಗಾಗಿ ಒಳಗೋಡೆಯ ಮೇಲೆ ಬಳ್ಳಿ, ತಾವರೆ, ಹಕ್ಕಿ, ಹೊಳೆಗಳನ್ನು ಉಬ್ಬುಶಿಲ್ಪವಾಗಿ ತರುವುದನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಆದರೆ ಅದು ರೋಗಿಗೆ ಕಾಣುವ ಕಡೆ ಇರಬೇಕು, ರೋಗಿಗೆ ಗುರುತು ಸಿಗುವ ರೂಪದಲ್ಲಿರಬೇಕು. ಸಾಮಾನ್ಯವಾಗಿ ದುಡ್ಡು ಸುರಿಯುವುದು ರಿಸೆಪ್ಷನ್ನಿನ ಹಿಂದಿನ ಗೋಡೆಗೆ. ಅದನ್ನು ನೋಡುವವರು ಬಿಲ್ ಕಟ್ಟಲು ನಿಂತ, ಗಟ್ಟಿಮುಟ್ಟಾಗಿರುವ ನೆಂಟರು.

ಇದಕ್ಕೆಲ್ಲ ಪುರಾವೆ ಉಂಟೇ? ಉಂಟು, ಮಿತಿಯೊಳಗೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಕ್ ಜೋಡಿ ಜೋಡಿಯಾಗಿ ಹೋಲಿಸಿ ನೋಡಿದರು. 23 ಜೋಡಿ, ಒಬ್ಬರ ಕಿಟಕಿಗೆ ಮರಗಳು, ಇನ್ನೊಬ್ಬರದಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮೊದಲಿನವರಿಗೆ ತೀವ್ರ ನೋವಿನ ಔಷಧವೂ ಕಡಿಮೆ ಸಾಕಾಯಿತು. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಬರಹವನ್ನು ಆಸ್ಪತ್ರೆ ವಿನ್ಯಾಸಕಾರರು ಇಂದಿಗೂ ಮುಂದಿಡುತ್ತಾರೆ. 46 ಜನರ ಲೆಕ್ಕದಿಂದ ಆಕಾಶಕ್ಕೆ ಏಣಿ ಹಾಕಬಾರದು, ಅದೂ ಕಿಟಕಿಯ ಮಾತು, ಶಿಲ್ಪದ್ದಲ್ಲ ಎಂಬ ಆಕ್ಷೇಪ ನ್ಯಾಯವೇ. 1993ರಲ್ಲಿ ಉಲ್ರಿಕ್ ಅವರೇ ಜೊತೆಗಾರರೊಂದಿಗೆ ಸ್ವೀಡನ್ನಿನ ಉಪ್ಸಾಲದ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಮುಂದೆ ಚಿತ್ರಗಳನ್ನಿಟ್ಟು ನೋಡಿದಾಗ ನೀರು, ಮರಗಳ ನೋಟ ಆತಂಕ ತಗ್ಗಿಸಿತು. ನೇರ ಗೆರೆಗಳ ಅಮೂರ್ತ ಚಿತ್ರವಿದ್ದವರಿಗೆ ಮಾತ್ರ ಚಿತ್ರವೇ ಇಲ್ಲದವರಿಗಿಂತ ಹೆಚ್ಚು ಆತಂಕವಾಯಿತು. ನನಗೆ ಇದೇ ಮುಖ್ಯವಾಗಿ ಕಾಣುತ್ತದೆ. ಅಂದರೆ ಗೋಡೆಗೆ ಏನಾದರೂ ಹಾಕಿದರಾಯಿತು ಎನ್ನುವಂತಿಲ್ಲ. ಗ್ಯಾಲರಿಯಲ್ಲಿ ಮೆಚ್ಚುಗೆ ಗಳಿಸಿದ್ದು ವಾರ್ಡಿನಲ್ಲಿ ಕಾಡಬಹುದು.

ಹಾಗಿದ್ದರೆ ಕಾಡಿನ ಫೋಟೋ ಅಂಟಿಸಿದರೆ ಸಾಲದೇ? ಎಷ್ಟೋ ಕಡೆ ಸಾಕು. ಉಬ್ಬುಶಿಲ್ಪದ ಹೆಚ್ಚುಗಾರಿಕೆ ಇರುವುದು ಬೆಳಕಿನಲ್ಲಿ. ಪಕ್ಕದಿಂದ ಬೆಳಕು ಬಿದ್ದರೆ ಎಲೆಯ ಅಂಚಿನ ನೆರಳು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಸರಿಯುತ್ತದೆ; ಹಾಸಿಗೆ ಬಿಟ್ಟೇಳಲಾಗದವರಿಗೆ ಹೊತ್ತು ಹೋದದ್ದು ಗೋಡೆಯಲ್ಲೇ ಕಾಣುತ್ತದೆ. ನೇರ ಟ್ಯೂಬ್‌ಲೈಟ್ ಹಾಕಿದಿರೋ, ಎಲ್ಲವೂ ಚಪ್ಪಟೆ. ಕೃಷ್ಣಾ ತೀರದ ಈ ಸೀಮೆಗೆ ಇದು ಹೊಸ ವಿದ್ಯೆಯೇನಲ್ಲ. ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಕಟಾಂಜನದಲ್ಲಿ ಅರಳಿದ ತಾವರೆಗಳೂ ಅಲೆಅಲೆಯಾಗಿ ಸಾಗುವ ಹೂಮಾಲೆಯೂ ಪ್ರದಕ್ಷಿಣೆ ಹಾಕುವವರ ಕಣ್ಣಿಗೆ ಹೊಂದುವಂತೆ ಕೆತ್ತಿದವು. ಅವು ಚಿಕಿತ್ಸೆಗಾಗಿ ಹುಟ್ಟಿದವಲ್ಲ, ನಿಜ. ಆದರೆ ನೋಡುವವರು ಎಲ್ಲಿ, ಹೇಗೆ ಇರುತ್ತಾರೆಂದು ಯೋಚಿಸಿದ ಕೈಗಳವು. ಹತ್ತಿರದ ಕೊಂಡಪಲ್ಲಿಯ ಬೊಂಬೆಯವರು ತೆಲ್ಲ ಪೊಣಿಕಿ ಮರವನ್ನು ಹದವಾಗಿ ಕಾಯಿಸಿ, ತೇವ ತೆಗೆದು ಕೆತ್ತುತ್ತಾರೆ. ಬಿಡಿ ಭಾಗಗಳನ್ನು ಹುಣಸೆಬೀಜದ ಅಂಟು, ಮರದ ಹೊಟ್ಟು ಕಲಸಿದ ಮುದ್ದೆಯಿಂದ ಕೂಡಿಸುತ್ತಾರೆ. ಆ ಮರ ಹಗುರ, ಗೋಡೆಗೆ ಭಾರವಾಗದು. ವಿಶಾಖಪಟ್ಟಣದ ಕಡೆಯ ಏಟಿಕೊಪ್ಪಾಕದವರದು ಅರಗಿನ ಕೆಲಸ, ನಮ್ಮ ಚನ್ನಪಟ್ಟಣದವರಂತೆ.

ಧೂಳು ಕೂರುತ್ತದೆ, ಸೋಂಕು ಹರಡುತ್ತದೆ ಎಂಬುದು ವೈದ್ಯರ ಗಟ್ಟಿಯಾದ ಆಕ್ಷೇಪ. ಐಸಿಯು, ಸುಟ್ಟಗಾಯದ ವಾರ್ಡು, ಆಪರೇಷನ್ ಥಿಯೇಟರುಗಳಲ್ಲಿ ಕೆತ್ತನೆ ಬೇಡವೇ ಬೇಡ. ಉಳಿದೆಡೆ ಆಳವಿಲ್ಲದ ಕೆತ್ತನೆ, ಸಂದು ಮುಚ್ಚಿದ ಲೇಪ, ಕಳಚಿ ತೊಳೆಯಬಹುದಾದ ಫಲಕ ಸಾಕು. ಅರಗು ಸ್ಪಿರಿಟ್‌ಗೆ ಕರಗುತ್ತದೆ, ಆಸ್ಪತ್ರೆಯಲ್ಲಿ ಸ್ಪಿರಿಟ್, ಸ್ಯಾನಿಟೈಸರ್ ಕೈಗೊಂದರಂತೆ. ಆದ್ದರಿಂದ ಏಟಿಕೊಪ್ಪಾಕದ ಹೊಳಪನ್ನು ಹಾಗೆಯೇ ತಂದು ತೂಗುಹಾಕಿದರೆ ಕೆಟ್ಟೀತು. ಇನ್ನು ಖರ್ಚು. ನರ್ಸುಗಳಿಲ್ಲದ ಕಡೆ ಶಿಲ್ಪ ಏಕೆ ಎಂದು ಕೇಳಿದರೆ, ನರ್ಸೇ ಮೊದಲು, ಅದರಲ್ಲಿ ಚರ್ಚೆಯಿಲ್ಲ. ಆದರೆ ಲಾಬಿಗೆ ಗ್ರಾನೈಟು, ಪಿಓಪಿ ಸೀಲಿಂಗು ಹಾಕಿಸಿ ಆದಮೇಲೆ ಈ ಪ್ರಶ್ನೆ ಕೇಳುವವರಿಗೆ ಒಂದು ಸಲಹೆ: ಆರ್ಡರ್ ಕೊಡುವ ಮೊದಲು ಮಾಲೀಕ ವೈದ್ಯರು ವಾರ್ಡಿನ ಮಂಚದ ಮೇಲೆ ಅರ್ಧ ಗಂಟೆ ಅಂಗಾತ ಮಲಗಲಿ, ಕಣ್ಣು ಹೋಗಿ ನಿಲ್ಲುವ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿಸಲಿ.