ಜೋಡಿಯಾಟದಲ್ಲಿ ದೊರೆತ ಚಿನ್ನ

2008ರ ಆಗಸ್ಟ್. ಬೀಜಿಂಗ್ ಒಲಿಂಪಿಕ್ಸ್‌ನ ಸಿಂಗಲ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ರೋಜರ್ ಫೆಡರರ್ ಅಮೆರಿಕದ ಜೇಮ್ಸ್ ಬ್ಲೇಕ್‌ಗೆ ಸೋತರು. ಜುಲೈನಲ್ಲಷ್ಟೇ ವಿಂಬಲ್ಡನ್ ಕಿರೀಟ ನಡಾಲ್ ಪಾಲಾಗಿತ್ತು. ನಾಲ್ಕೂವರೆ ವರ್ಷ ಕಾಯ್ದುಕೊಂಡಿದ್ದ ಅಗ್ರಸ್ಥಾನವೂ ಕೈಜಾರುವುದರಲ್ಲಿತ್ತು. ಉಳಿದದ್ದು ಡಬಲ್ಸ್ ಮಾತ್ರ. ಜೊತೆಗಾರ ಸ್ಟಾನ್ ವಾವ್ರಿಂಕಾ.

ಡಬಲ್ಸ್‌ನಲ್ಲಿ ಅಂಕಣ ಅಗಲವಾದರೂ ಒಬ್ಬೊಬ್ಬರ ಪಾಲು ಕಿರಿದು. ನೆಟ್ ಬಳಿ ಕಾದು ನಿಂತ ಎದುರಾಳಿಯ ಕೈಗೆ ಸಿಗದಂತೆ ಚೆಂಡನ್ನು ಮರಳಿಸಬೇಕು. ಆ ವಿದ್ಯೆಯಲ್ಲಿ ಪಳಗಿದ ನಮ್ಮ ಭೂಪತಿ–ಪೇಸ್ ಜೋಡಿಯನ್ನೂ (ನಮಗಾದ ನಿರಾಸೆ ಬೇರೆ ಮಾತು), ಬಳಿಕ ಬ್ರಯಾನ್ ಸಹೋದರರನ್ನೂ ಈ ಸ್ವಿಸ್ ಜೋಡಿ ಮಣಿಸಿತು. ಫೈನಲ್‌ನಲ್ಲಿ ಸ್ವೀಡನ್ನಿನ ಆಸ್ಪೆಲಿನ್–ಜೋಹಾನ್ಸನ್ ಸೋತರು.

2012ರಲ್ಲಿ ಲಂಡನ್ನಿನ ಸಿಂಗಲ್ಸ್‌ನಲ್ಲಿ ಫೆಡರರ್‌ಗೆ ದೊರೆತದ್ದು ಬೆಳ್ಳಿ. 20 ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್ ಪ್ರಶಸ್ತಿ ಗೆದ್ದವರ ಏಕೈಕ ಒಲಿಂಪಿಕ್ ಚಿನ್ನ, ಬೀಜಿಂಗ್‌ನಲ್ಲಿ ವಾವ್ರಿಂಕಾರೊಡನೆ ಹಂಚಿಕೊಂಡದ್ದೇ.